ಚಿನ್ನದ ಕಣ, ಬೆಳಕಿನ ಅಲೆ: ಸಂಶೋಧನೆಯ ಒಂದು ಹೊಸ ಹಾದಿ

ಕೊರೋನ ಹಬ್ಬಿದ್ದ 2020, 2021ರ ದಿನಗಳಲ್ಲಿ ನಾಡಿನ ಅನೇಕ ಮನೆಗಳಿಗೆ ಒಂದು ಪುಟ್ಟ ಬಿಳಿಯ ಪಟ್ಟಿಯ ಪರಿಚಯವಾಯಿತು. ಅದರ ಮೇಲೆ ಮೂರು ನಾಲ್ಕು ಹನಿ ಬಿದ್ದು ಕಾಲುಗಂಟೆ ಕಳೆಯುವಷ್ಟರಲ್ಲಿ ಒಂದೇ ಕೆಂಪು ಗೆರೆ ಮೂಡಿದರೆ ಮನೆಯವರು ನೆಮ್ಮದಿಯ ಉಸಿರು ಬಿಡುತ್ತಿದ್ದರು. ಎರಡು ಮೂಡಿದರೆ ಮುಖಗಳು ಬಾಡುತ್ತಿದ್ದವು. ಬಸುರಿ ಹೌದೋ ಅಲ್ಲವೋ ಎಂಬುದನ್ನು ತಿಳಿಯಲು ಔಷಧದ ಅಂಗಡಿಯಿಂದ ತರುವ ಪಟ್ಟಿಯಲ್ಲಿ ಕಾಣುವುದೂ ಇಂಥದೇ ಗೆರೆ. ಆ ಕೆಂಪು ಎಲ್ಲಿಂದ ಬಂದಿತೆಂದು ವಿಚಾರಿಸಿದವರು ವಿರಳ. ಅದು ಕುಂಕುಮವಲ್ಲ, ಶಾಯಿಯೂ ಅಲ್ಲ. ಈ ಬಗೆಯ ಬಹುಪಾಲು ಪಟ್ಟಿಗಳಲ್ಲಿ ಆ ಗೆರೆಯನ್ನು ಎಳೆಯುವುದು ಚಿನ್ನ!

ಹಳದಿಯ ಚಿನ್ನವು ಕೆಂಪಾಗುವುದುಂಟೆ? ಉಂಟು, ಅದನ್ನು ತೀರ ಸಣ್ಣ ಕಣಗಳಾಗಿ ಮಾಡಿದಾಗ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ 400ರಿಂದ 700ರವರೆಗೆ. ಪಟ್ಟಿಯೊಳಗಿನ ಚಿನ್ನದ ಕಣವಾದರೋ ಕೆಲವೇ ಹತ್ತು ನ್ಯಾನೋಮೀಟರಿನದು. ಅಲೆಗಿಂತಲೂ ಕಣವೇ ಚಿಕ್ಕದು.

ಲೋಹದೊಳಗೆ ಎಲೆಕ್ಟ್ರಾನುಗಳು ಸ್ವೇಚ್ಛೆಯಾಗಿ ಸಂಚರಿಸುತ್ತವೆ. ಬೆಳಕಿನ ಅಲೆಯು ಇಂಥ ಪುಟ್ಟ ಕಣವನ್ನು ತಾಕಿದಾಗ ಅದರ ಎಲೆಕ್ಟ್ರಾನುಗಳೆಲ್ಲ ಒಟ್ಟಾಗಿ ಅತ್ತಿತ್ತ ತೂಗತೊಡಗುತ್ತವೆ. ಉಯ್ಯಾಲೆಯನ್ನು ಅದರ ಲಯವರಿತು ತಳ್ಳಿದರೆ ಮಾತ್ರ ಅದು ಎತ್ತರಕ್ಕೇರುವುದಷ್ಟೆ? ಹಾಗೆಯೇ ಚಿನ್ನದ ಈ ಕಣಗಳ ಲಯಕ್ಕೆ ಒಪ್ಪುವುದು ಸುಮಾರು 520 ನ್ಯಾನೋಮೀಟರಿನ ಹಸಿರು ಬೆಳಕು. ಕಣಗಳು ಹಸಿರನ್ನು ನುಂಗಿಬಿಡುತ್ತವೆ; ಉಳಿದ ಕೆಂಪು ನಮ್ಮ ಕಣ್ಣಿಗೆ ಬೀಳುತ್ತದೆ. ಎಲೆಕ್ಟ್ರಾನುಗಳ ಈ ಸಾಮೂಹಿಕ ತೂಗಾಟಕ್ಕೆ ಪ್ಲಾಸ್ಮಾನ್ ಎಂದೂ, ಅದನ್ನು ಅರಿತು ದುಡಿಸಿಕೊಳ್ಳುವ ವಿದ್ಯೆಗೆ ಪ್ಲಾಸ್ಮೋನಿಕ್ಸ್ ಎಂದೂ ಹೆಸರು. ಬೆಳಕನ್ನು ಅದರ ಅಲೆಗಿಂತಲೂ ಕಿರಿದಾದ ಎಡೆಯಲ್ಲಿ ಹಿಡಿದು, ತಿರುಗಿಸಿ, ಕೆಲಸಕ್ಕೆ ಹಚ್ಚುವ ವಿಶಾಲವಾದ ವಿಜ್ಞಾನಕ್ಕೆ ನ್ಯಾನೋಫೋಟೋನಿಕ್ಸ್ ಎನ್ನುತ್ತಾರೆ. ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕಾಲೇಜುಗಳಲ್ಲಿ ಭೌತಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಓದುತ್ತಿರುವ ಮಕ್ಕಳಿಗೆ ಈ ವಿದ್ಯೆಯಲ್ಲಿ ಎಡೆಯುಂಟೆ? ಅಲ್ಲಿಗೆ ಹೋಗುವ ಹಾದಿ ಯಾವುದು? ಹಾದಿಯ ಖರ್ಚೇನು? ತಾಯ್ತಂದೆಯರು ತಿಳಿದಿರಬೇಕಾದ ಸಂಗತಿಗಳಿವು.

ಮಾಣಿಕ್ಯದ ಕೆಂಪು, ಗಾಜಿನ ಕೆಂಪು

ಮೂಡಬಿದಿರೆಗೆ ಹೋದವರು ಸಾವಿರ ಕಂಬದ ಬಸದಿಯನ್ನು ನೋಡದೆ ಬರುವುದಿಲ್ಲ. ಅಲ್ಲಿಯ ಗುರು ಬಸದಿಯು ಧವಲಾ ಗ್ರಂಥಗಳ ತಾಳೆಯೋಲೆಗಳಿಗೂ ರತ್ನಗಳಲ್ಲಿ ಕಡೆದ ಜಿನಬಿಂಬಗಳಿಗೂ ಹೆಸರಾದುದು. ರತ್ನಕ್ಕೆ ಬಣ್ಣ ಎಲ್ಲಿಂದ? ಮಾಣಿಕ್ಯದ ಕೆಂಪಿಗೆ ಕಾರಣ ಅದರ ಹರಳಿನೊಳಗೆ ಅಲ್ಪ ಪ್ರಮಾಣದಲ್ಲಿ ಸೇರಿಕೊಂಡ ಕ್ರೋಮಿಯಂ. ಯುರೋಪಿನ ಹಳೆಯ ಕುಶಲಕರ್ಮಿಗಳು ಮಾಡುತ್ತಿದ್ದ ಮಾಣಿಕ್ಯವರ್ಣದ ಗಾಜಿನ ಕೆಂಪಿಗೆ ಕಾರಣ ಚಿನ್ನದ ಕಣಗಳು. ನೋಡುವ ಕಣ್ಣಿಗೆ ಎರಡೂ ಒಂದೇ. ಒಳಗಿನ ವ್ಯವಹಾರ ಬೇರೆ ಬೇರೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ನಾಲ್ಕನೆಯ ಶತಮಾನದ ಒಂದು ರೋಮನ್ ಪಾನಪಾತ್ರೆ ಇದೆ. ಹೊರಗಿನಿಂದ ಬೆಳಕು ಬಿದ್ದಾಗ ಹಸಿರಾಗಿಯೂ ಒಳಗೆ ದೀಪವಿಟ್ಟಾಗ ಕೆಂಪಾಗಿಯೂ ತೋರುವ ಆ ಗಾಜಿನಲ್ಲಿ ಬೆಳ್ಳಿ ಮತ್ತು ಚಿನ್ನದ ನ್ಯಾನೋಕಣಗಳಿವೆ. ಮಾಡಿದ ಕೈಗೆ ಅದರ ಗುಟ್ಟು ತಿಳಿದಿರಲಿಲ್ಲ. ಚಿನ್ನದ ಕೆಂಪು ದ್ರಾವಣವನ್ನು 1857ರಲ್ಲಿ ಶಾಸ್ತ್ರೀಯವಾಗಿ ಪರೀಕ್ಷಿಸಿದವನು ಮೈಕೇಲ್ ಫ್ಯಾರಡೆ. ಅದರ ಬಣ್ಣಕ್ಕೆ ಗಣಿತದ ವಿವರಣೆ ಕೊಟ್ಟವನು 1908ರಲ್ಲಿ ಜರ್ಮನಿಯ ಗುಸ್ತಾವ್ ಮೀ.

ಕನ್ನಡ ನಾಡಿನಲ್ಲಿ ಈ ವಿದ್ಯೆಯ ಬೇರು ಚಂದ್ರಶೇಖರ ವೆಂಕಟರಾಮನ್ನರವರೆಗೆ ಹೋಗುತ್ತದೆ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಅವರು ಕಂಡ ರಾಮನ್ ಪರಿಣಾಮದಿಂದ ಪ್ರತಿಯೊಂದು ವಸ್ತುವಿನ ಅಣುವನ್ನೂ ಅದು ಚದರಿಸುವ ಬೆಳಕಿನಿಂದಲೇ ಗುರುತಿಸುವುದು ಸಾಧ್ಯವಾಯಿತು. ಆದರೆ ಆ ಬೆಳಕು ಬಹು ಮಂದ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ತರಿತರಿಯಾದ ಬೆಳ್ಳಿಯ ಮೇಲೆ ಕುಳಿತ ಅಣುಗಳಿಂದ ಅದು ಎಣಿಸಿದುದಕ್ಕಿಂತ ಬಹಳ ಬಲವಾಗಿ ಬರುವುದು ಕಂಡಿತು. ಇದು ಲೋಹದ ಮೇಲ್ಮೈಯ ಮಹಿಮೆಯೆಂದು 1977ರಲ್ಲಿ ಅಮೆರಿಕೆಯ ವ್ಯಾನ್ ಡ್ಯೂನ್ ಮತ್ತು ಅವರ ಶಿಷ್ಯರು ತೋರಿಸಿಕೊಟ್ಟರು. ಒಂದರ ಬಳಿ ಒಂದು ನಿಂತ ಎರಡು ಲೋಹಕಣಗಳ ನಡುವಣ ಸಂದಿಯಲ್ಲಿ ಬೆಳಕು ಸಾಂದ್ರಗೊಳ್ಳುತ್ತದೆ. ಆ ಸಂದಿಯಲ್ಲಿ ಸಿಕ್ಕಿದ ಅಣುವು ತನ್ನ ಗುರುತನ್ನು ಗಟ್ಟಿಯಾಗಿ ಸಾರುತ್ತದೆ. 1997ರ ಹೊತ್ತಿಗೆ ಒಂದೇ ಒಂದು ಅಣುವನ್ನು ಈ ಉಪಾಯದಿಂದ ಪತ್ತೆಮಾಡಿದ್ದಾಯಿತು.

ರಾಮನ್ನರು 1933ರಲ್ಲಿ ಬೆಂಗಳೂರಿಗೆ ಬಂದರು. ಭಾರತೀಯ ವಿಜ್ಞಾನ ಮಂದಿರದಲ್ಲಿ ಕೆಲಸ ಮಾಡಿ, 1948ರಲ್ಲಿ ತಮ್ಮದೇ ಸಂಶೋಧನ ಸಂಸ್ಥೆಯನ್ನು ತೆರೆದರು. ಅವರಿಗೆ ರತ್ನಗಳ ಬಣ್ಣ ಎಂದರೆ ಮುಗಿಯದ ಕುತೂಹಲ. 1940ರ ದಶಕದಲ್ಲಿ ಅವರ ಪ್ರಯೋಗಶಾಲೆಯಲ್ಲಿ ವಜ್ರ ಮತ್ತು ಮಾಣಿಕ್ಯಗಳು ಹೊಮ್ಮಿಸುವ ಬೆಳಕನ್ನು ಪರೀಕ್ಷಿಸಿದವರು ಅನ್ನಾ ಮಣಿ ಎಂಬ ತರುಣಿ. ಐದು ಲೇಖನಗಳನ್ನು ಪ್ರಕಟಿಸಿ ಪ್ರಬಂಧವನ್ನೂ ಒಪ್ಪಿಸಿದ ಆಕೆಗೆ, ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣದಿಂದ ಡಾಕ್ಟರೇಟ್ ದೊರೆಯಲಿಲ್ಲ. ಆಕೆ ಅಧೀರರಾಗದೆ ಹವಾಮಾನ ಇಲಾಖೆಯನ್ನು ಸೇರಿ, ಭಾರತದ ಹವಾಮಾನ ಉಪಕರಣಗಳಿಗೆ ಅಡಿಗಲ್ಲು ಹಾಕಿದವರೆಂದು ಹೆಸರಾದರು. ಈ ಕಥೆಯಲ್ಲಿ ಇಂದಿನ ಹೆಣ್ಣುಮಕ್ಕಳಿಗೆ ಎರಡು ಪಾಠಗಳಿವೆ. ಬುದ್ಧಿಗೆ ಬಾಗಿಲು ತೆರೆಯದಿದ್ದರೂ ದಾರಿ ಉಳಿದಿರುತ್ತದೆ ಎಂಬುದು ಒಂದು. ಪದವಿಯ ಕಾಗದಪತ್ರಗಳ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಬೇಕು ಎಂಬುದು ಇನ್ನೊಂದು.

ಗೇರು ತೋಟದ ನೆನಪು

ಇಷ್ಟಾಗಿ, ಅಣುವನ್ನು ಪತ್ತೆ ಮಾಡುವುದರಿಂದ ಅಡಕೆ, ಗೇರು, ಭತ್ತದ ನಾಡಿಗೆ ಏನು ಪ್ರಯೋಜನ ಎಂಬ ಪ್ರಶ್ನೆ ಸಹಜ. ಉತ್ತರವು ಬೆಳ್ತಂಗಡಿ ತಾಲೂಕಿನಲ್ಲಿಯೇ ಇದೆ. 1980 ಮತ್ತು 1990ರ ದಶಕಗಳಲ್ಲಿ ಕೊಕ್ಕಡದ ಸುತ್ತಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸುತ್ತಿದ್ದರು. ನೆರೆಯ ಕಾಸರಗೋಡಿನಲ್ಲಿಯೂ ಇದೇ ಕ್ರಮ ನಡೆದಿತ್ತು. ಬಾವಿಗಳೂ ತೋಡುಗಳೂ ಮನೆಯಂಗಳಗಳೂ ಆ ತುಂತುರಿನ ಕೆಳಗೇ ಇದ್ದವು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದರ ಬಳಕೆಯನ್ನು ದೇಶದಾದ್ಯಂತ ತಡೆಹಿಡಿಯಿತು. ಬಾಧಿತರೆಂದು ಸರಕಾರ ಗುರುತಿಸಿದ ಮಕ್ಕಳನ್ನು, ದೊಡ್ಡವರನ್ನು ಸಾಕುತ್ತಿರುವ ಮನೆಗಳು ಈ ಸೀಮೆಯಲ್ಲಿವೆ. ಅಂದು ಬಾವಿಯ ನೀರನ್ನು ಕೊಡದಲ್ಲಿ ಎತ್ತಿದ ತಾಯಿಗೆ, ಅದರಲ್ಲಿ ವಿಷವಿದೆಯೇ ಎಂದು ತಿಳಿಯುವ ಸಾಧನವೇ ಇರಲಿಲ್ಲ. ದೂರದ ಪ್ರಯೋಗಶಾಲೆ, ದುಬಾರಿ ಯಂತ್ರ, ವಾರಗಟ್ಟಲೆ ಕಾಯುವಿಕೆ. ಹಳ್ಳಿಯವರಿಗೆ ಇವು ಎಟುಕುವ ಮಾತೆ?

2003ರಲ್ಲಿ ಮದರಾಸಿನ ಐ.ಐ.ಟಿ.ಯಲ್ಲಿ ಪ್ರೊಫೆಸರ್ ಟಿ. ಪ್ರದೀಪ್ ಮತ್ತು ಸಂಗಡಿಗರು ಇದೇ ಎಂಡೋಸಲ್ಫಾನನ್ನು ಚಿನ್ನದ ನ್ಯಾನೋಕಣಗಳಿಂದ ಗುರುತಿಸುವ ಬಗೆಯನ್ನು ಪ್ರಕಟಿಸಿದರು. ಚಿನ್ನದ ಕೆಂಪು ದ್ರಾವಣಕ್ಕೆ ಕೀಟನಾಶಕ ಸೇರಿದರೆ ಅದು ನೀಲಿಗೆ ತಿರುಗುವುದು. ಕಾರಣ ಸರಳ: ಬಿಡಿಬಿಡಿಯಾಗಿದ್ದ ಕಣಗಳು ಗುಂಪುಗೂಡಿದಾಗ ಅವುಗಳ ಎಲೆಕ್ಟ್ರಾನುಗಳ ತೂಗಾಟದ ಲಯ ಬದಲಾಗುತ್ತದೆ, ಲಯ ಬದಲಾದರೆ ಬಣ್ಣವೂ ಬದಲು. ಕಣ್ಣೇ ಅಲ್ಲಿ ಅಳತೆಯ ಯಂತ್ರ. ಅದೇ ತಂಡದ ಶೋಧದಿಂದ, ಲೋಹದ ನ್ಯಾನೋಕಣಗಳು ಕೀಟನಾಶಕವನ್ನು ಹಿಡಿದಿಡುವ ಕುಡಿಯುವ ನೀರಿನ ಶೋಧಕವು ಮುಂದೆ ಮಾರುಕಟ್ಟೆಗೂ ಬಂದಿತು. ಪ್ರದೀಪರು ಡಾಕ್ಟರೇಟ್ ಪಡೆದುದು ಬೆಂಗಳೂರಿನ ವಿಜ್ಞಾನ ಮಂದಿರದಿಂದ. 2020ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಕೊಕ್ಕಡದ ಮನೆಗಳ ಕಳೆದುಹೋದ ಆರೋಗ್ಯವನ್ನು ಇದು ಹಿಂದಕ್ಕೆ ತರಲಾರದು, ದಿಟ. ಆದರೆ ಮುಂದೆ ಯಾವ ತೋಟದ ನೀರಿನಲ್ಲಿ ಏನಿದೆ ಎಂದು ಕೇಳುವ, ಕೇಳಿ ಉತ್ತರ ಹುಡುಕುವ ವಿಜ್ಞಾನಿಯು ಅದೇ ಸೀಮೆಯಿಂದ ಬಂದರೆ, ಆತನಿಗೆ ಪ್ರಶ್ನೆಯ ತೂಕವನ್ನು ಬೇರೊಬ್ಬರು ಹೇಳಿಕೊಡಬೇಕಾಗಿಲ್ಲ.

ಹಾದಿ ಎಲ್ಲಿಂದ ಎಲ್ಲಿಗೆ?

ಮೂರು ತಾಲೂಕುಗಳಲ್ಲಿಯೂ ಕಾಲೇಜುಗಳಿಗೆ ಬರವಿಲ್ಲ. ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1966ರಿಂದ ನಡೆಯುತ್ತಿದೆ. ಮೂಡಬಿದಿರೆಯಲ್ಲಿ ಮಹಾವೀರ ಕಾಲೇಜು, ಆಳ್ವಾಸ್ ಸಂಸ್ಥೆಗಳು. ಬಂಟವಾಳದಲ್ಲಿ ಶ್ರೀ ವೆಂಕಟರಮಣ ಸ್ವಾಮಿ ಕಾಲೇಜು. ಎಂಜಿನಿಯರಿಂಗ್ ಓದುವವರಿಗೆ ಮಿಜಾರು, ಉಜಿರೆ, ಬೆಂಜನಪದವುಗಳಲ್ಲಿ ಕಾಲೇಜುಗಳಿವೆ. ಪದವಿಯ ಅನಂತರ ಹತ್ತಿರದಲ್ಲಿಯೇ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯವಿದೆ; ಅಲ್ಲಿ ಎಲೆಕ್ಟ್ರಾನುಗಳಿಗೆ ವೇಗ ಕೊಡುವ ಮೈಕ್ರೋಟ್ರಾನ್ ಯಂತ್ರವೂ ಉಂಟು. 1960ರಲ್ಲಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ ಹುಟ್ಟಿ, 2002ರಿಂದ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಗಿರುವ ಸುರತ್ಕಲ್ಲಿನ ವಿದ್ಯಾಲಯವಿದೆ. ಮಣಿಪಾಲದ ಪರಮಾಣು ಮತ್ತು ಅಣು ಭೌತವಿಜ್ಞಾನ ವಿಭಾಗವು ರಾಮನ್ ಬೆಳಕನ್ನೂ ಲೇಸರನ್ನೂ ರೋಗಪರೀಕ್ಷೆಗೆ ಅಳವಡಿಸುವ ಕೆಲಸದಲ್ಲಿ ಹೆಸರು ಮಾಡಿದೆ. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಇಷ್ಟು ಅನುಕೂಲ ಎಲ್ಲ ಜಿಲ್ಲೆಗಳ ಮಕ್ಕಳಿಗೂ ಇಲ್ಲ.

ಮುಂದಿನ ಮೆಟ್ಟಿಲು ಬೆಂಗಳೂರು. ವಿಜ್ಞಾನ ಮಂದಿರವೂ, 1989ರಲ್ಲಿ ಸ್ಥಾಪಿತವಾದ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರವೂ ಬಿ.ಎಸ್ಸಿ. ಮುಗಿಸಿದವರನ್ನು ನೇರವಾಗಿ ಡಾಕ್ಟರೇಟಿನವರೆಗೆ ಕೊಂಡೊಯ್ಯುವ ಸಂಯುಕ್ತ ತರಗತಿಗಳನ್ನು ನಡೆಸುತ್ತವೆ. ಅದಕ್ಕೆ ಜಾಮ್ ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಎಂ.ಎಸ್ಸಿ. ಮಾಡಿದವರಿಗೆ ನೆಟ್, ಗೇಟ್, ಜೆಸ್ಟ್ ಪರೀಕ್ಷೆಗಳು. ವಿಜ್ಞಾನ ಮಂದಿರದ ನ್ಯಾನೋವಿಜ್ಞಾನ ಕೇಂದ್ರದಲ್ಲಿ ಪ್ರೊಫೆಸರ್ ಅಂಬರೀಷ್ ಘೋಷ್ ಮತ್ತು ಶಿಷ್ಯರು ಬೆಳಕಿನ ಬಲದಿಂದ ಅತಿಸೂಕ್ಷ್ಮ ಕಣಗಳನ್ನು ಹಿಡಿದು, ದ್ರವದೊಳಗೆ ಬೇಕಾದಲ್ಲಿಗೆ ಒಯ್ದು ಬಿಡುವ ಪುಟ್ಟ ಚಿಮ್ಮಟಗಳನ್ನು ಮಾಡಿ 2018ರಲ್ಲಿ ಪ್ರಕಟಿಸಿದರು. ಚಿಮ್ಮಟದ ಹಿಡಿತ ಪ್ಲಾಸ್ಮಾನಿನದೇ. ಅದೇ ಕೇಂದ್ರದ ಧೂಳಿಲ್ಲದ ಕೋಣೆಗಳಲ್ಲಿ, ಹೊರಗಿನ ಚಿಕ್ಕ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಬಂದು ಕೆಲಸ ಕಲಿಯಲು ಸರಕಾರದ ಯೋಜನೆಯೊಂದಿದೆ. ಕೋಟಿಗಟ್ಟಲೆ ಬೆಲೆಯ ಯಂತ್ರ ತಮ್ಮಲ್ಲಿಲ್ಲವೆಂದು ಉಜಿರೆಯ, ಮೂಡಬಿದಿರೆಯ ಅಧ್ಯಾಪಕರು ಕೈಕಟ್ಟಿ ಕೂರಬೇಕಾಗಿಲ್ಲ.

ಖರ್ಚು, ಕಾಲ, ಕಳವಳ

ಬೆಳ್ತಂಗಡಿಯ ಕಡೆಯ ಎರಡೆಕರೆ ಅಡಕೆ ತೋಟದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮಗಳು ಬಿ.ಎಸ್ಸಿ.ಯ ಕೊನೆಯ ವರ್ಷದಲ್ಲಿದ್ದಾಳೆ. ಸಂಶೋಧನೆಗೆ ಹೋಗುವೆನೆಂದು ಅವಳ ಹಟ. "ಅಲ್ಲ ಮಗಾ, ಇನ್ನೂ ಏಳೆಂಟು ವರ್ಷ ಓದಿ ಎಂತ ಆಗುವುದು? ಬ್ಯಾಂಕಿನ ಪರೀಕ್ಷೆ ಕಟ್ಟಬಾರದೋ?" ಎಂದು ತಂದೆ. "ಅಷ್ಟರಲ್ಲಿ ಪ್ರಾಯ ಎಷ್ಟಾಗುತ್ತದೆ!" ಎಂದು ತಾಯಿಯ ಚಿಂತೆ. ಈ ಮಾತುಗಳನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಲೆಕ್ಕವನ್ನು ಮುಂದಿಟ್ಟು ಮಾತಾಡಬೇಕು.

ಲೆಕ್ಕದಲ್ಲಿ ಮೊದಲನೆಯದು ಹಣ. ಡಾಕ್ಟರೇಟಿನ ಓದಿಗೆ ತಂದೆಯ ತೋಟ ಅಡವಾಗಬೇಕಿಲ್ಲ. ನೆಟ್ ಪರೀಕ್ಷೆಯಲ್ಲಿ ಸಂಶೋಧನವೇತನಕ್ಕೆ ಆಯ್ಕೆಯಾದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ಮೇಲೆ 42,000 ರೂಪಾಯಿ ಎಂದು ಕೇಂದ್ರ ಸರಕಾರ ನಿಗದಿಪಡಿಸಿದೆ. ಹಾಸ್ಟೆಲ್ ದೊರೆಯದವರಿಗೆ ಮನೆಬಾಡಿಗೆಯ ಭತ್ಯೆ ಬೇರೆ. ಮೂಲವಿಜ್ಞಾನ ಓದುವ ಪ್ರತಿಭಾವಂತರಿಗೆ ಪದವಿಯ ಮಟ್ಟದಲ್ಲಿ ಇನ್‌ಸ್ಪೈರ್ ವಿದ್ಯಾರ್ಥಿವೇತನವೂ ಉಂಟು. ಆದರೆ ವೇತನವು ಕೆಲವು ಕಡೆ ತಿಂಗಳುಗಟ್ಟಲೆ ತಡವಾಗಿ ಕೈಸೇರುವುದುಂಟು. ಆದುದರಿಂದ ಅಲ್ಪಸ್ವಲ್ಪ ಉಳಿತಾಯ ಕೈಯಲ್ಲಿರುವುದು ಒಳ್ಳೆಯದು.

ಎರಡನೆಯದು ಕಾಲ. ಡಾಕ್ಟರೇಟಿಗೆ ಐದಾರು ವರ್ಷ. ಆ ಮೇಲೆ ಸ್ವದೇಶದಲ್ಲಿಯೋ ಪರದೇಶದಲ್ಲಿಯೋ ಎರಡರಿಂದ ನಾಲ್ಕು ವರ್ಷ ತಾತ್ಕಾಲಿಕ ಸಂಶೋಧಕರಾಗಿ ದುಡಿಮೆ. ಸ್ಥಿರವಾದ ಉದ್ಯೋಗ ಕಾಣುವಾಗ ಮೂವತ್ತು ದಾಟಿರುತ್ತದೆ. ಪ್ರಾಯ ಕೂಡಿದ ಮಕ್ಕಳ ಮದುವೆಯ ಮಾತು ಈ ನಡುವೆ ಬಂದೇ ಬರುತ್ತದೆ. ಹುಡುಗಿಯ ಓದನ್ನು ಅಡ್ಡಿಯೆಂದು ಎಣಿಸದ, ಪ್ರಯೋಗಶಾಲೆಯಲ್ಲಿ ರಾತ್ರಿ ಹತ್ತಾಗುವುದನ್ನು ಅರ್ಥಮಾಡಿಕೊಳ್ಳುವ ಸಂಬಂಧವನ್ನು ನೋಡುವುದು ಹಿರಿಯರ ಹೊಣೆ. ಹುಡುಗನಾದರೆ ಈ ಪ್ರಶ್ನೆಯನ್ನೇ ಯಾರೂ ಕೇಳುವುದಿಲ್ಲವೆಂಬುದೂ ನೆನಪಿನಲ್ಲಿರಲಿ.

ಮೂರನೆಯದು ಉದ್ಯೋಗ. ವಿಶ್ವವಿದ್ಯಾನಿಲಯಗಳಲ್ಲಿ ಖಾಯಂ ಹುದ್ದೆಗಳು ಕಡಿಮೆ, ಸ್ಪರ್ಧಿಗಳು ಅಧಿಕ. ಇದನ್ನು ಮುಚ್ಚಿಡುವುದರಿಂದ ಯಾರಿಗೂ ಹಿತವಿಲ್ಲ. ಆದರೆ ಪ್ರೊಫೆಸರ ಕುರ್ಚಿಯೊಂದೇ ಗುರಿಯಲ್ಲ. ಬೆಂಗಳೂರಿನಲ್ಲಿ ಇಸ್ರೋ ಸಂಸ್ಥೆಯ ವಿದ್ಯುತ್-ದೃಗ್ವಿಜ್ಞಾನ ಪ್ರಯೋಗಾಲಯ, ಇಂದೋರಿನಲ್ಲಿ ಲೇಸರುಗಳ ರಾಜಾ ರಾಮಣ್ಣ ಕೇಂದ್ರ, ದೆಹಲಿಯಲ್ಲಿ ರಾಷ್ಟ್ರೀಯ ಭೌತ ಪ್ರಯೋಗಾಲಯ, ರಕ್ಷಣಾ ಇಲಾಖೆಯ ಪ್ರಯೋಗಶಾಲೆಗಳು ಬೆಳಕಿನ ವಿದ್ಯೆ ಬಲ್ಲವರನ್ನು ತೆಗೆದುಕೊಳ್ಳುತ್ತವೆ. ರೋಗಪರೀಕ್ಷೆಯ ಸಲಕರಣೆ, ಮಸೂರಗಳ ಲೇಪನ, ಬೆಳಕಿನಿಂದ ಸುದ್ದಿ ಸಾಗಿಸುವ ಸಿಲಿಕಾನ್ ಚಿಪ್ಪುಗಳು, ಪೇಟೆಂಟ್ ಪರಿಶೀಲನೆ, ಇವೆಲ್ಲವೂ ಈ ವಿದ್ಯೆಗೆ ಅನ್ನ ಕೊಡುವ ಕ್ಷೇತ್ರಗಳೇ. 2023ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ಕ್ವಾಂಟಮ್ ಚುಕ್ಕಿಗಳೆಂಬ ಬೆಳಗುವ ನ್ಯಾನೋಕಣಗಳಿಗೆ ಸಂದಿತು. ಅವನ್ನು ಬಳಸಿದ ಟೆಲಿವಿಷನ್ನುಗಳು ಅಂಗಡಿಗೆ ಬಂದು ವರ್ಷಗಳೇ ಆಗಿವೆ.

ಬಂಟವಾಳದ ಹೆಸರನ್ನು ಹೊತ್ತವರೊಬ್ಬರ ಉದಾಹರಣೆ ಇಲ್ಲಿ ಉಚಿತ. ಬಂಟವಾಳ ಜಯಂತ ಬಾಳಿಗರು 1948ರಲ್ಲಿ ಮದರಾಸಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದು, ಮದರಾಸಿನ ಐ.ಐ.ಟಿ.ಯಲ್ಲಿ ಓದಿ ಅಮೆರಿಕೆಗೆ ಹೋದವರು. ಅವರ ಕ್ಷೇತ್ರ ಪ್ಲಾಸ್ಮೋನಿಕ್ಸ್ ಅಲ್ಲ, ಅದರ ನೆರೆಯದಾದ ಅರೆವಾಹಕ ವಿಜ್ಞಾನ. 1980ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದಾಗ ಅವರು ರೂಪಿಸಿದ ಒಂದು ಬಗೆಯ ವಿದ್ಯುತ್ ಸ್ವಿಚ್ಚು ಇಂದು ರೈಲಿನಲ್ಲಿ, ವಿದ್ಯುತ್ ಕಾರಿನಲ್ಲಿ, ಮನೆಯ ಹವಾನಿಯಂತ್ರಕದಲ್ಲಿ ಕೆಲಸ ಮಾಡುತ್ತಿದೆ. ಅದಕ್ಕಾಗಿ 2024ರಲ್ಲಿ ಫಿನ್ಲೆಂಡಿನ ಮಿಲೆನಿಯಮ್ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ದೊರೆಯಿತು. ಶೋಧಕ್ಕೂ ಈ ಪ್ರಶಸ್ತಿಗೂ ನಡುವೆ ನಾಲ್ಕು ದಶಕಗಳು! ಸಂಶೋಧನೆಯ ಫಲ ಅಡಕೆಯ ಗಿಡದಂತೆ ನೆಟ್ಟ ಕೆಲವೇ ವರ್ಷಕ್ಕೆ ಬರುವುದಲ್ಲ.

ಹಳ್ಳಿಯ ಮಕ್ಕಳಿಗೆ

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷಿನ ಭಯ ಇದ್ದೇ ಇರುತ್ತದೆ. ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನು ಕನ್ನಡದಲ್ಲಿ ಬರೆದ ಜಿಲ್ಲೆ ಇದು. ವಿಷಯವನ್ನು ಮೊದಲು ತನ್ನ ನುಡಿಯಲ್ಲಿ ತಿಳಿದುಕೊಂಡವನಿಗೆ ಅದನ್ನು ಇಂಗ್ಲಿಷಿನಲ್ಲಿ ಬರೆಯುವುದು ಅಭ್ಯಾಸದ ಮಾತು. ಗಣಿತವನ್ನು ಮಾತ್ರ ಅಲಕ್ಷಿಸಬಾರದು. ಬೆಳಕು ಅಲೆಯಾದುದರಿಂದ ಅಲೆಯ ಗಣಿತ, ಅದರೊಡನೆ ವಿದ್ಯುತ್ಕಾಂತ ಶಾಸ್ತ್ರ, ಸ್ವಲ್ಪ ಕಂಪ್ಯೂಟರ್ ಲೆಕ್ಕ, ಇವು ಮೂರೂ ಬಿ.ಎಸ್ಸಿ.ಯಲ್ಲಿಯೇ ಕೈಗೆ ಹತ್ತಬೇಕು. ದುಬಾರಿ ಯಂತ್ರಗಳಿಲ್ಲದೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಯೇ ಮಾಡಬಹುದಾದ ಸಂಶೋಧನೆ ಈ ಕ್ಷೇತ್ರದಲ್ಲಿ ಬೇಕಾದಷ್ಟಿದೆ.

ಮನಸ್ಸು ಡೋಲಾಯಮಾನವಾಗಿರುವ ಮನೆಗಳಿಗೆ ಒಂದು ಸಲಹೆ. ಏಳೆಂಟು ವರ್ಷಗಳ ನಿರ್ಧಾರವನ್ನು ಒಂದೇ ರಾತ್ರಿಯಲ್ಲಿ ಮಾಡಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಇತರ ಅಕಾಡೆಮಿಗಳೊಡನೆ ಸೇರಿ ನಡೆಸುತ್ತ ಬಂದಿರುವ ಬೇಸಿಗೆಯ ಸಂಶೋಧನ ವಿದ್ಯಾರ್ಥಿವೇತನದಲ್ಲಿ, ಪದವಿ ತರಗತಿಯವರೂ ಸುಮಾರು ಎರಡು ತಿಂಗಳು ಪ್ರಸಿದ್ಧ ವಿಜ್ಞಾನಿಗಳ ಪ್ರಯೋಗಶಾಲೆಯಲ್ಲಿ ಇದ್ದು ಬರಬಹುದು. ಜಕ್ಕೂರಿನ ಕೇಂದ್ರವೂ ಇಂಥ ಅವಕಾಶ ಕೊಡುತ್ತದೆ. ಅರ್ಜಿಯ ಕೊನೆಯ ದಿನಾಂಕವನ್ನು ಕಾಲೇಜಿನ ಅಧ್ಯಾಪಕರಲ್ಲಿ ಮಳೆಗಾಲ ಮುಗಿಯುತ್ತಲೇ ವಿಚಾರಿಸಿಕೊಳ್ಳಬೇಕು. ಆ ಎರಡು ತಿಂಗಳಲ್ಲಿ ಹತ್ತು ಸಲ ಕೆಟ್ಟ ಪ್ರಯೋಗವನ್ನು ಹನ್ನೊಂದನೆಯ ಸಲ ಮಾಡುವ ಉತ್ಸಾಹ ಮಗಳಲ್ಲಿ ಉಳಿದಿದ್ದರೆ ತಾಯ್ತಂದೆಯರು ನಿಶ್ಚಿಂತೆಯಿಂದ ಒಪ್ಪಬಹುದು. ಉಳಿಯದಿದ್ದರೆ, ಬ್ಯಾಂಕಿನ ಪರೀಕ್ಷೆ ಎಲ್ಲಿಯೂ ಓಡಿಹೋಗಿರುವುದಿಲ್ಲ. ಒಂದು ಬೇಸಿಗೆಯ ರಜೆಯಷ್ಟೇ ಖರ್ಚು.